ನಮ್ಮ ಒಲೆಗೆ ಇಳಿದ ಉಪಗ್ರಹ

ದೇಶ ಏನು ಮಾಡಬೇಕೆಂದು ಹೇಳುವಾಗ ನನಗೆ ಬರುವ ಧೈರ್ಯ, ಮನೆಯಲ್ಲಿ ನಾನೇನು ಮಾಡಬೇಕೆಂದು ಕೇಳಿದಾಗ ಎಲ್ಲಿಗೋ ಹೋಗಿಬಿಡುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಕೊಡ್ಲಿ ಎಂಬ ಹಳ್ಳಿಯಲ್ಲಿ ಮಾಸ್ತರನಾಗಿದ್ದೆ. ಬಡ ದೇಶಕ್ಕೆ ಆಕಾಶದ, ಉಪಗ್ರಹದ ಗೊಡವೆ ಏಕೆ, ಮೊದಲು ಚಿಂಚೋಳಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಬಿಡಲಿ ಎಂದು ಚಹಾದಂಗಡಿಯಲ್ಲಿ ಭಾಷಣ ಬಿಗಿಯುತ್ತಿದ್ದೆ. ಕೇಳುವವರೂ ಇದ್ದರು, ಬಸ್ಸು ಬರುವವರೆಗೆ ಅವರಿಗೂ ಬೇರೆ ದಾರಿಯಿರಲಿಲ್ಲ.

ಅಷ್ಟರಲ್ಲಿ ನಮ್ಮ ಶಾಲೆಗೇ ಟಿ.ವಿ. ಬಂತು. ಮಾಳಿಗೆಯ ಮೇಲೆ ತಂತಿಜಾಳಿಗೆಯ ದೊಡ್ಡ ಛತ್ರಿಯೊಂದನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದರು. ಉಪಗ್ರಹದಿಂದ ಚಿತ್ರ ನೇರ ಅದರೊಳಗೇ ಇಳಿಯುತ್ತದಂತೆ. ಸಂಜೆಯಾದರೆ ಊರೆಲ್ಲ ಶಾಲೆಯ ಅಂಗಳದಲ್ಲಿ. ನನ್ನ ಹೆಂಡತಿ ಶಾಂತಾ ಎಲ್ಲರಿಗಿಂತ ಮುಂದೆ.

ಒಂದು ಸಂಜೆ ಹೊಗೆಯಿಲ್ಲದ ಒಲೆ ಕಟ್ಟುವುದನ್ನು ತೋರಿಸಿದರು. ತೊಗರಿಕಟ್ಟಿಗೆಯ ಹೊಗೆಗೆ ಶಾಂತಾಳ ಕಣ್ಣು ಸದಾ ಕೆಂಪು, ಮಾತಿಗೊಮ್ಮೆ ಕೆಮ್ಮು. ನಾನು ಪಡಸಾಲೆಯಿಂದಲೇ, "ದವಾಖಾನಿಗೆ ತೋರಿಸ್ಬೇಕು ನೋಡು" ಎನ್ನುತ್ತಿದ್ದೆ, ತೋರಿಸಿರಲಿಲ್ಲ. ಅಂದು ಅವಳು ಮನೆಗೆ ಬಂದವಳೇ, "ಅಂಥಾ ಒಲಿ ನನಗೂ ಬೇಕ್ರಿ" ಎಂದಳು.

"ಮಾಳಿಗಿ ಒಡೀಬೇಕು, ಕೊಳವಿ ಇಡಬೇಕು. ಸಸಾರ ಏನು?"

"ಮಂದಿ ಆಕಾಶಕ್ಕ ಯಂತ್ರ ಏರಿಸ್ಯಾರ. ನಿಮಗ ಮಾಳಿಗಿ ತನಕ ಒಂದು ಕೊಳವಿ ಏರಸ್ಲಿಕ್ಕ ಆಗಲ್ಲೇನ್ರಿ?"

ನಾನು ಭಾಷಣ ಬಿಟ್ಟು ಎದ್ದೆ. ಗೋಡೆ ಕಟ್ಟುವ ಗೌಂಡಿ, ಪಕ್ಕದ ಮನೆಯ ಖಾಜಾಮಿಯಾನನ್ನು ಕರೆದೆ. ಮಾಳಿಗೆಗೆ ಹೊದಿಸಿದ್ದ ಶಹಾಬಾದ್ ಕಲ್ಲಿನ ಚಪ್ಪಡಿಯೊಂದನ್ನು ಸರಿಸಿ, ಒಲೆ ಕಟ್ಟಿ, ಕೊಳವೆ ನಿಲ್ಲಿಸಿದೆವು. ಶಾಂತಾ ಉರಿ ಹಚ್ಚಿದಳು. ಹೊಗೆ ಮೇಲೇರಲಿಲ್ಲ; ನೇರ ಪಡಸಾಲೆಗೆ ಬಂತು. ನಾನೂ ಖಾಜಾಮಿಯಾನೂ ಕೆಮ್ಮುತ್ತ ಬೀದಿಗೆ ಓಡಿದೆವು.

"ಯಾ ಅಲ್ಲಾ! ಅಕ್ಕಾ, ದಿನಾ ಇದ್ರಾಗ ಹ್ಯಾಂಗ್ ಇರ್ತೀರಿ?" ಎಂದ ಖಾಜಾಮಿಯಾ, ಕಣ್ಣೊರೆಸಿಕೊಳ್ಳುತ್ತ.

ಆ ಪ್ರಶ್ನೆಯನ್ನು ಇಷ್ಟು ವರ್ಷ ನಾನು ಅವಳಿಗೆ ಕೇಳಿರಲಿಲ್ಲ.

"ಟಿ.ವಿ.ದಾಗ ಕೊಳವಿ ಇನ್ನಾ ಎತ್ತರ ಇತ್ತು" ಎಂದಳು ಶಾಂತಾ. ಎತ್ತರಿಸಿದೆವು. ಹೊಗೆ ಸರಾಗವಾಗಿ ಮಾಳಿಗೆ ದಾಟಿ ಹೋಯಿತು. ಅವಳು ಕಣ್ಣೀರಿಲ್ಲದೆ ರೊಟ್ಟಿ ಬಡಿದಳು. ಬರಬರುತ್ತ ಕೆಮ್ಮೂ ನಿಂತಿತು. ದೇಶಕ್ಕೆ ಆಕಾಶದ ಗುರಿ ಹಾಕಿಕೊಟ್ಟ ದೊಡ್ಡ ಮನುಷ್ಯರು ಕೊಡ್ಲಿಯ ಅಡುಗೆಮನೆಯನ್ನೂ ನೆನಪಿಟ್ಟಿದ್ದರಲ್ಲ ಎಂದು ನನ್ನ ಎದೆ ತುಂಬಿತು. ಅಷ್ಟು ದೂರದಿಂದ ಅವರಿಗೆ ಕಂಡದ್ದು ಪಕ್ಕದ ಪಡಸಾಲೆಯಲ್ಲಿದ್ದ ನನಗೆ ಕಂಡಿರಲಿಲ್ಲ.

ಹೊಸ ಒಲೆಯಿಂದ ಆದ ತೊಂದರೆ ಒಂದೇ. ಹೊಗೆ ಹೋದ ಮೇಲೆ, ನಾನು ಕೆಲಸವಿಲ್ಲದೆ ಕೂತಿರುವುದು ಶಾಂತಾಳಿಗೆ ಅಡುಗೆಮನೆಯಿಂದಲೇ ಸ್ಪಷ್ಟವಾಗಿ ಕಾಣತೊಡಗಿತು.