ಅಣ್ಣನ ಕಿವಿ, ನನ್ನ ಕಾರಿನ ಸದ್ದು

ನಮ್ಮಣ್ಣನಿಗೆ ಮನುಷ್ಯರ ಮಾತು ಕೇಳಿಸುವುದಿಲ್ಲ. ಕಿವುಡ ಅಂದುಕೊಳ್ಳಬೇಡಿ! ಅತ್ತಿಗೆ ಊಟಕ್ಕೆ ಐದು ಸಲ ಕೂಗಿದರೂ ಕದಲದ ಆಸಾಮಿ, ಪಕ್ಕದ ಬೀದಿಯಲ್ಲಿ ಯಾರದೋ ಜೀಪು ಒಂದು ಸಲ ಕೆಮ್ಮಿದರೆ ಚಪ್ಪಲಿ ಮೆಟ್ಟದೆ ಓಡುತ್ತಾನೆ. ಅತ್ತಿಗೆ ಈಗ ಕೂಗುವುದನ್ನೇ ಬಿಟ್ಟಿದ್ದಾರೆ. ಅನ್ನ ಬಡಿಸಿ, ಹೊರಗೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡುತ್ತಾರೆ. ಅಣ್ಣ ಹಾಜರ್!

ಶಿವನಿಯಲ್ಲಿ ನೆಂಟರ ಮದುವೆ. ಗಟ್ಟಿಮೇಳ ಮೊಳಗುತ್ತಿದೆ, ಎಲ್ಲರೂ ಅಕ್ಷತೆ ಎತ್ತಿದ್ದಾರೆ, ಅಣ್ಣ ಮಾಯ. ಹುಡುಕಿದರೆ ಛತ್ರದ ಹಿಂದೆ ಜನರೇಟರ್ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. "ಇದು ಪಾಯಸದವರೆಗೂ ಬರಲ್ಲ ಕಣೇ" ಅಂದ. ಕೋಸಂಬರಿ ಬಡಿಸುವಾಗಲೇ ನಿಂತುಹೋಯ್ತು! ಹುಡುಗಿಯ ಅಪ್ಪನಿಗೆ ಇವನೇ ಏನೋ ಕಿತ್ತ ಅಂತ ಇವತ್ತಿಗೂ ಅನುಮಾನ.

ಅವನ ಶೆಡ್ಡು ಇರುವುದು ತರೀಕೆರೆಯಲ್ಲಿ. ಕಾರು ರಿಪೇರಿಗೆ ಹೋದರೆ ಅದು ಒಂದು ರಾತ್ರಿ ಅಲ್ಲೇ ಮಲಗಬೇಕು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಅಣ್ಣನ ಹೊಟ್ಟೆಯೂ ಖಾಲಿ ಇರುವಾಗ, ಮೊದಲ ಸ್ಟಾರ್ಟು. ಕಾಫಿ ಕುಡಿದರೆ ಕಿವಿಯಲ್ಲಿ ತನ್ನದೇ ರಕ್ತದ ಸದ್ದು ಕೇಳುತ್ತದಂತೆ! ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ. ಆಮೇಲೆ ಓನರಿನ ವಿಚಾರಣೆ.

"ಏನು ಆಯಿಲ್ ಕುಡಿಸಿದ್ರಿ? ಯಾರ ಕೈ ಬಿತ್ತು?"

"ಇದೇನು ಕಾರೋ, ಬಾಣಂತಿಯೋ?" ಅಂತ ಒಬ್ಬರು ರೇಗಿದ್ದರು.

"ಬಾಣಂತಿ ಆದ್ರೆ ಬಾಯಿಬಿಟ್ಟು ಹೇಳ್ತಾಳೆ ಸ್ವಾಮಿ. ಇದರ ಬದಲು ನೀವೇ ಹೇಳ್ಬೇಕು."

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನನಗೆ ಕಾರು ಓಡಿಸಲು ಕಲಿಸಿದ್ದು, ಹಳೇ ಕಾರೊಂದನ್ನು ಹುಡುಕಿ ಕೊಡಿಸಿದ್ದು ಅಣ್ಣನೇ. ಅಜ್ಜಂಪುರದ ನಮ್ಮ ಮನೆಯಲ್ಲಿ ರೊಟ್ಟಿ, ಹೋಳಿಗೆ ಮಾಡಿ ಕಡೂರು, ತರೀಕೆರೆ ಅಂಗಡಿಗಳಿಗೆ ಹಾಕುವುದು ನನ್ನ ಕೆಲಸ. ಅಣ್ಣ ಆಯಿಲ್ ಬದಲಾಯಿಸಲೂ ಎರಡು ದಿನ ತಗೊಳ್ಳುತ್ತಾನೆ. ಹಬ್ಬದ ಹೊತ್ತು, ಅಷ್ಟು ದಿನ ಕಾರು ಬಿಟ್ಟು ಕೂರುವುದು ಹೇಗೆ? ಕಡೂರಿನಲ್ಲಿ ರಸ್ತೆ ಬದಿಯ ಒಂದು ರಿಪೇರಿ ಅಂಗಡಿಗೆ ಹೋದೆ. ಅರ್ಧ ಗಂಟೆಯಲ್ಲಿ ಆಯಿಲ್ಲು, ಅದನ್ನು ಸೋಸುವ ಫಿಲ್ಟರು ಎರಡೂ ಹೊಸದು!

ಮಾರನೇ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ, ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಗರಗರ ಸದ್ದು. ಹತ್ತು ಎಣಿಸುವಷ್ಟರಲ್ಲಿ ಸದ್ದು ತಾನೇ ನಿಂತಿತು. ದಿನಾ ಬೆಳಿಗ್ಗೆ ಇದೇ ಕಥೆ. ಕೊನೆಗೆ ಅಣ್ಣನ ಶೆಡ್ಡಿಗೆ ತಂದು ಮಲಗಿಸಿದೆ.

ಬೆಳಿಗ್ಗೆ ಅವನು ಒಂದೇ ಸಲ ಕೇಳಿ ತಲೆ ಎತ್ತಿದ. "ಆಯಿಲ್ ಮೇಲಕ್ಕೆ ಹತ್ತೋದು ತಡ ಆಗ್ತಿದೆ. ಫಿಲ್ಟರ್ ಯಾರಾದ್ರೂ ಬದಲಾಯಿಸಿದ್ರಾ?"

ಶೆಡ್ಡಿನಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. "ನನ್ನ ತಂಗಿ ಬೇರೆಯವರ ಕೈಗೆ ಬಾನೆಟ್ ಎತ್ತಕ್ಕೂ ಕೊಡಲ್ಲ" ಅಂತ ಅವರ ಮುಂದೆ ಆಗಷ್ಟೇ ಹೊಗಳಿದ್ದ. ನನ್ನ ಬಾಯಿಂದ ಬಂದದ್ದು, "ಇಲ್ಲಣ್ಣ. ಹೋದ್ಸಲ ನೀನು ಹಾಕಿದ್ದೇ."

"ಹಂಗಾದ್ರೆ ಫಿಲ್ಟರ್ ಅಲ್ಲ ಬಿಡು" ಅಂದ. ಕಾರಿನ ಕೆಳಗೆ ಬಗ್ಗಿ ನೋಡಲೂ ಇಲ್ಲ. ಎಂಜಿನ್ ಬಿಚ್ಚಿದ. ಒಳಗಿನ ಚೈನು ಬದಲಾಯಿಸಿದ, ಅದನ್ನು ಬಿಗಿ ಹಿಡಿಯುವ ಸಾಮಾನೂ ಬದಲಾಯಿಸಿದ. ಮೂರನೇ ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗರಗರ! ಮತ್ತೆ ಬಿಚ್ಚಿದ. ಮತ್ತೆ ಗರಗರ!

"ಮೇಸ್ತ್ರಿಗಳೇ, ಕಾರಿಗಲ್ಲ, ನಿಮ್ಮ ಕಿವಿಗೇ ವಯಸ್ಸಾಯ್ತು" ಅಂದರು ಒಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಳ್ಳು ಹೇಳಿದ್ದನ್ನು ಹೇಗೋ ನುಂಗಿಕೊಂಡೇನು, ಆ ನಗು ಮಾತ್ರ ಗಂಟಲಲ್ಲೇ ಕೂತಿದೆ.

ಕಾರು ವಾಪಸ್ ತಂದ ಮೇಲೆ, ಅಣ್ಣನಿಗೆ ಹೇಳದೆ ಕಡೂರಿನ ಆ ಅಂಗಡಿಗೆ ಹೋಗಿ ಕೇಳಿದೆ. "ಅದು ಅಗ್ಗದ ಫಿಲ್ಟರ್ ಕಣಮ್ಮ. ಒಳಗೆ ಆಯಿಲ್ ತಡೆಯೋ ರಬ್ಬರ್ ಸರಿ ಇಲ್ಲ. ಗಾಡಿ ನಿಂತಾಗ ಎಲ್ಲಾ ಕೆಳಗೆ ಇಳಿದುಹೋಗುತ್ತೆ" ಅಂತ ಬೇರೆಯದು ಹಾಕಿದರು. ಮಾರನೇ ದಿನ ಕಾರು ಬೆಕ್ಕಿನ ಹಾಗೆ ಗುರುಗುಟ್ಟಿತು. ಆಗಲಾದರೂ ಹೇಳಬೇಕಿತ್ತಲ್ಲವೇ? ಇವತ್ತು, ನಾಳೆ ಅಂತ ಒಂದು ತಿಂಗಳು ತಳ್ಳಿದೆ.

ಒಂದು ದಿನ ಅತ್ತಿಗೆ ಫೋನ್ ಮಾಡಿದರು. "ನೋಡಮ್ಮ, ನಿಮ್ಮಣ್ಣ ಬಂದ ಗಾಡಿಗಳನ್ನೆಲ್ಲ ಬೇರೆ ಕಡೆ ಕಳಿಸ್ತಿದಾರೆ. ನನ್ನ ಕಿವಿ ಹೋಯ್ತು, ಜನರ ಗಾಡಿ ಹಾಳುಮಾಡಬಾರದು ಅಂತಾರೆ. ಸ್ಕೂಟರ್ ಬೇಡ, ನಾನು ಒಂದೇ ಸಲ ಕೂಗಿದ್ರೂ ಊಟಕ್ಕೆ ಬಂದ್ಬಿಡ್ತಾರೆ ಕಣಮ್ಮ. ನಂಗೆ ಭಯ ಆಗುತ್ತೆ."

ಆ ದಿನವೇ ಹೋದೆ. ಅಂಗಡಿಯವರು ಕಳಚಿ ಕೊಟ್ಟಿದ್ದ ಫಿಲ್ಟರನ್ನು ಅಣ್ಣನ ಮುಂದಿಟ್ಟು ಎಲ್ಲಾ ಹೇಳಿದೆ. ಬೈಯಲಿ, ಎರಡೇಟು ಹೊಡೆಯಲಿ ಅಂತ ತಲೆ ತಗ್ಗಿಸಿ ನಿಂತೆ.

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕಣ್ಣು ತುಂಬಿಕೊಂಡಿತ್ತು.

"ಕಿವಿ ಮೊದಲನೇ ದಿನವೇ ಫಿಲ್ಟರ್ ಅಂತ ಹೇಳ್ತು. ನೀನು ಅಲ್ಲ ಅಂದೆ. ನೀನು ಸುಳ್ಳು ಹೇಳ್ತೀಯಾ? ಕಿವಿನೇ ಸುಳ್ಳು ಹೇಳ್ತಿದೆ ಅಂದ್ಕೊಂಡೆ ಕಣೇ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗ ಶೆಡ್ಡಿಗೆ ಮತ್ತೆ ಗಾಡಿಗಳು ಬರುತ್ತಿವೆ. ಓನರು ಏನೇ ಹೇಳಲಿ, ಅಣ್ಣ ನಂಬುವುದಿಲ್ಲ. ಕಾರಿನ ಕೆಳಗೆ ತೂರಿ ಫಿಲ್ಟರನ್ನು ಕಣ್ಣಾರೆ ನೋಡಿಯೇ ಏಳುತ್ತಾನೆ. ನನ್ನ ಕಾರಿನ ಕೆಳಗೆ ಮಾತ್ರ ತೂರುವುದಿಲ್ಲ. ಹಿಂದಿನ ಹಾಗೇ, ನನ್ನ ಮುಖ ನೋಡಿ ಕೇಳುತ್ತಾನೆ. ನಾನು ಹೇಳಿದ್ದಕ್ಕೆ "ಸರಿ ಬಿಡು" ಅನ್ನುತ್ತಾನೆ.