ತಾತನ ಹೊಟ್ಟೆಗೆ ಕೋಟಿ ಅತಿಥಿಗಳು

ನನಗೆ ಗೊತ್ತಿಲ್ಲದ ವಿಷಯ ಈ ಪ್ರಪಂಚದಲ್ಲಿ ಬಹಳ ಕಡಿಮೆ. ಇದನ್ನು ಜಂಬದಿಂದ ಹೇಳುತ್ತಿಲ್ಲ, ಬೇಜಾರಿನಿಂದ ಹೇಳುತ್ತಿದ್ದೇನೆ. ಎಲ್ಲ ಗೊತ್ತಿರುವವರ ಕಷ್ಟ ನಿಮಗೆ ತಿಳಿಯದು. ಮನೆಯ ಮಿಕ್ಸಿ ಕೆಟ್ಟರೂ ನಾನೇ ಬಾಯಿ ಹಾಕಬೇಕು, ಪಕ್ಕದ ಮನೆಯವರ ಮೊಬೈಲು ಬಿಸಿಯಾದರೂ ನಾನೇ ಕಾರಣ ಹೇಳಬೇಕು. ಯಾರೂ ಕೇಳಿರುವುದಿಲ್ಲ, ಆದರೂ ಹೇಳಬೇಕು. ಹೊಳೆನರಸೀಪುರದಲ್ಲಿ ಮೊದಲ ಪಿಯುಸಿ ಸೈನ್ಸ್ ಓದುವ ಹುಡುಗಿಯ ಮೇಲೆ ಇಷ್ಟೊಂದು ಜವಾಬ್ದಾರಿ ಬೀಳುತ್ತದೆ ಎಂದು ಅಡ್ಮಿಶನ್ ದಿನ ಒಬ್ಬರೂ ಎಚ್ಚರಿಸಲಿಲ್ಲ. ಇದೆಲ್ಲ ಸಾಲದೆಂದು ಈ ವರ್ಷ ತಾತನ ಹೊಟ್ಟೆಯೂ ನನ್ನ ಹೆಗಲೇರಿತು.

ತಾತ ರಿಟೈರಾದ ಗಣಿತದ ಮೇಷ್ಟ್ರು. ದವಡೆ ಹಲ್ಲು ಕೀಳಿಸಿಕೊಂಡು ಐದು ದಿನ ದಪ್ಪ ದಪ್ಪ ಮಾತ್ರೆ ನುಂಗಿದರು. ಹಲ್ಲಿನ ನೋವು ಹೋಯಿತು, ಜೊತೆಗೆ ಹೊಟ್ಟೆಯ ಶಿಸ್ತೂ ಹೋಯಿತು. ಜೀವಮಾನವಿಡೀ ಬೆಲ್ಲು ಹೊಡೆದಂತೆ ನಡೆದುಕೊಂಡಿದ್ದ ಹೊಟ್ಟೆ, ಈಗ ಹಿಂದಿನ ಬೆಂಚಿನ ಹುಡುಗನ ಹಾಗೆ ಬೇಕೆಂದಾಗ ಎದ್ದು ಹೊರಗೆ ಓಡತೊಡಗಿತು. ಡಾಕ್ಟರು ನೋಡಿ, ಗಾಬರಿಪಡುವಂಥದ್ದೇನಿಲ್ಲ, ನಿಧಾನಕ್ಕೆ ಸರಿಹೋಗುತ್ತದೆ, ಮೊಸರು ತಿನ್ನಿ ಎಂದರು. ಆದರೆ ನಿಧಾನಕ್ಕೆ ಸಮಯವಿರಲಿಲ್ಲ. ಇನ್ನು ಎರಡೇ ವಾರಕ್ಕೆ ಕೊಣನೂರಿನ ನಂಜುಂಡಪ್ಪನವರಿಗೆ ಎಂಬತ್ತು ತುಂಬುವುದಿತ್ತು. ಅವರೂ ತಾತನೂ ಒಂದೇ ಸ್ಕೂಲಿನಲ್ಲಿ ಒಂದೇ ಡಬ್ಬಿಯ ಚಾಕ್‌ಪೀಸ್ ಸವೆಸಿದವರು. ಇಬ್ಬರೂ ಮುಖ ನೋಡಿ ಆರು ವರ್ಷವಾಗಿತ್ತು. ಅವರು ಮೂರು ಸಲ ಫೋನ್ ಮಾಡಿದರು. ಮೂರನೆಯ ಸಲ ತಾತ, ಬರುವುದಕ್ಕಾಗುವುದಿಲ್ಲ ಎಂದು ಹೇಳಿ ಫೋನಿಟ್ಟು ಕಿಟಕಿಯ ಕಡೆ ತಿರುಗಿ ಕೂತರು.

"ಒಂದೂವರೆ ಗಂಟೆ ಬಸ್ಸು ಕಣಮ್ಮ," ಎಂದರು. "ಮಧ್ಯದಲ್ಲಿ ಅವಸರ ಆದ್ರೆ ಏನ್ಮಾಡ್ಲಿ? ಈ ವಯಸ್ಸಲ್ಲಿ ಬಸ್ಸು ತುಂಬಾ ಜನರ ಮುಂದೆ ಮಾನ ಕಳ್ಕೊಳ್ಳೋದಾ?"

ತಾತ ಹೀಗೆ ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಇಂಥ ಹೊತ್ತಿನಲ್ಲಿ ಸುಮ್ಮನಿರಬೇಕು, ಅದು ನನಗೆ ಬರುವುದಿಲ್ಲ. ಎರಡು ವಾರದಲ್ಲಿ ನಿಮ್ಮನ್ನು ನಾನೇ ಕೊಣನೂರಿಗೆ ಕರೆದುಕೊಂಡು ಹೋಗುತ್ತೇನೆ, ಬರೆದಿಟ್ಟುಕೊಳ್ಳಿ ಎಂದುಬಿಟ್ಟೆ. ಲೆಕ್ಕದ ಮೇಷ್ಟ್ರಲ್ಲವೇ, ಕ್ಯಾಲೆಂಡರಿನಲ್ಲಿ ನಿಜವಾಗಿಯೂ ಬರೆದಿಟ್ಟರು.

ಆ ಸಂಜೆಯಿಡೀ ಮೊಬೈಲಿನಲ್ಲಿ ಮುಳುಗಿ ನಾನು ಅರ್ಧ ಡಾಕ್ಟರಾಗಿ ಎದ್ದೆ. ನಮ್ಮ ಕರುಳಿನಲ್ಲಿ ಕೋಟಿಗಟ್ಟಲೆ ಒಳ್ಳೆಯ ಸೂಕ್ಷ್ಮಜೀವಿಗಳು ಸಂಸಾರ ಹೂಡಿರುತ್ತವೆ. ಮಾತ್ರೆ ಕೆಟ್ಟವರ ಜೊತೆ ಅವರನ್ನೂ ಓಡಿಸುತ್ತದೆ. ಮೊಸರು ತಿಂದರೆ ಹೊಸಬರು ಬರುತ್ತಾರೆ, ಇವರು ಪ್ರೋಬಯಾಟಿಕ್. ಆದರೆ ಬಂದವರಿಗೆ ಊಟ ಬೇಡವೇ? ಬೀಗರನ್ನು ಚಪ್ಪರಕ್ಕೆ ಕರೆದು ಎಲೆ ಹಾಕದೆ ಕಳಿಸಿದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಆ ಊಟವೇ ಪ್ರೀಬಯಾಟಿಕ್. ಪೂರ್ತಿ ಹಣ್ಣಾಗದ ದೋರಗಾಯಿ ಬಾಳೆ, ಕಾಳು, ಕೊನೆಗೆ ನಮ್ಮ ಹಾಸನದ ಆಲೂಗಡ್ಡೆ ಕೂಡ. ಆಲೂಗಡ್ಡೆಯನ್ನು ಬೇಯಿಸಿ ತಣಿಸಿದರೆ ಅದರ ಒಂದಿಷ್ಟು ಹಿಟ್ಟಿನಂಶ ನಮಗೆ ಅರಗದೆ ನೇರ ಕೆಳಗಿನ ಪಂಕ್ತಿಗೆ ಹೋಗುತ್ತದಂತೆ. ಆದ್ದರಿಂದ ನಾಲ್ಕು ಗಂಟೆಯ ಕಾಫಿ ಹೊತ್ತಿಗೆ ತಾತನಿಗೆ ನಿಪ್ಪಟ್ಟಿನ ಬದಲು ಒಂದು ಬಟ್ಟಲು. ಗಟ್ಟಿ ಮೊಸರು, ತಣಿದ ಆಲೂಗಡ್ಡೆ, ಒಂದು ಹಿಡಿ ಮೊಳಕೆ ಹೆಸರುಕಾಳು. ಮರುದಿನ ಆಲೂಗಡ್ಡೆ ಬದಲು ಬಾಳೆ. ಅತಿಥಿಗಳೂ ಊಟವೂ ಒಂದೇ ಗಾಡಿಯಲ್ಲಿ.

ಅಜ್ಜಿಗೆ ಇದನ್ನು ವಿವರಿಸಲು ನಾನು ಪಟ್ಟ ಪಾಡು ಯಾವ ಲೆಕ್ಚರರೂ ಪಟ್ಟಿರಲಾರರು. ಮೊಸರಿನಲ್ಲಿ ಜೀವಿಗಳಿವೆ ಎಂದಾಗ ಅಜ್ಜಿ ಮೊಸರಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದರು. ಕಾಣಲಿಲ್ಲ ಎಂದರು. ಹೋಗಲಿ, ನೀನು ಹೇಳಿದ ಮೇಲೆ ಇರಬಹುದು ಎಂದರು. ನಮ್ಮಮ್ಮ ಚನ್ನರಾಯಪಟ್ಟಣದ ಸ್ಕೂಲಿಗೆ ದಿನಾ ಹೋಗಿ ಬರುವವರು, ಸಂಜೆ ಆರಕ್ಕೆ ಮೊದಲು ಮನೆಗೆ ಬರುವುದಿಲ್ಲ. ನನ್ನ ಕಾಲೇಜು ಬಿಡುವುದು ನಾಲ್ಕೂವರೆಗೆ. ಹಾಗಾಗಿ ಬೆಳಿಗ್ಗೆ ಬಟ್ಟಲು ಸಿದ್ಧಮಾಡಿ ಫ್ರಿಜ್ಜಿನಲ್ಲಿಟ್ಟು, ತಾತನಿಗೆ ಕೊಡುವ ಕೆಲಸ ಅಜ್ಜಿಗೆ ಒಪ್ಪಿಸಿದೆ. ಐದು ದಿನವಾಯಿತು. ತಾತನ ಹೊಟ್ಟೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕ್ಯಾಲೆಂಡರಿನ ಆ ತಾರೀಕು ನನ್ನನ್ನೇ ದಿಟ್ಟಿಸುವ ಹಾಗೆ ಕಾಣತೊಡಗಿತು.

ಆರನೆಯ ದಿನ ಕಾಲೇಜು ಬೇಗ ಬಿಟ್ಟಿತು. ಮನೆಗೆ ಬಂದು ನೋಡುತ್ತೇನೆ, ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ನನ್ನ ಮೊಸರು ಕೊತಕೊತ ಕುದಿಯುತ್ತಿದೆ. ಅಜ್ಜಿ ಪ್ರೀತಿಯಿಂದ ತಿರುವುತ್ತಿದ್ದಾರೆ. ಐದು ದಿನದಿಂದ ಕೋಟಿ ಕೋಟಿ ಅತಿಥಿಗಳು ನಮ್ಮ ಅಡುಗೆಮನೆಯಲ್ಲೇ ಶಿವನ ಪಾದ ಸೇರಿದ್ದರು.

"ಫ್ರಿಜ್ಜಿಂದ ತೆಗ್ದಿದ್ದು ಹಂಗೇ ಕೊಟ್ರೆ ಎದೆ ಕಟ್ಕೊಳುತ್ತೆ ಕಣೆ ಅವ್ರಿಗೆ," ಎಂದರು ಅಜ್ಜಿ. "ಮದುವೆಯಾಗಿ ಬಂದಾಗಿಂದ ಆರಿದ್ದು ಒಂದು ತುತ್ತು ಕೊಟ್ಟಿಲ್ಲ ನಾನು."

ಒಡೆದು ನೀರು ಬಿಟ್ಟ ಆ ಪದಾರ್ಥವನ್ನು ದಿನಾ ಮಾತಾಡದೆ ಹೇಗೆ ತಿಂದಿರಿ ಎಂದು ತಾತನನ್ನು ಕೇಳಿದೆ. ನಿನ್ನ ಸೈನ್ಸೇ ಹಾಗಿರುತ್ತದೆ ಅಂದುಕೊಂಡೆ ಎಂದರು. ಅಜ್ಜಿಯ ಕಣ್ಣು ತುಂಬಿತು. ತಾತನ ಹೊಟ್ಟೆ ಕೆಟ್ಟದ್ದು ತನ್ನಿಂದಲೇ ಎಂಬಷ್ಟು ದೂರ ಹೋಗಿಬಿಟ್ಟರು. ನಾನು ಅವರನ್ನು ಸಮಾಧಾನಪಡಿಸಿದ ಮೇಲೆ ಮೂವರೂ ಕೂತು ಒಂದು ಒಪ್ಪಂದಕ್ಕೆ ಬಂದೆವು. ಮೊಸರು ಫ್ರಿಜ್ಜಿಗೆ ಹೋಗುವಂತಿಲ್ಲ. ಅಜ್ಜಿ ರಾತ್ರಿ ಹೆಪ್ಪು ಹಾಕಿದ ಹೊಸ ಮೊಸರೇ ಆಗಬೇಕು. ಆಲೂಗಡ್ಡೆ ಬೆಳಿಗ್ಗೆ ಬೇಯಿಸಿ ಮಧ್ಯಾಹ್ನದವರೆಗೆ ತಾನಾಗಿ ತಣಿಯಬೇಕು. ಅದೇ ದಿನದ್ದಾದ್ದರಿಂದ ತಂಗಳಲ್ಲ ಎಂದು ಅಜ್ಜಿ ತೀರ್ಪು ಕೊಟ್ಟರು. ಒಗ್ಗರಣೆ ಬಿಟ್ಟುಕೊಡಲು ಮಾತ್ರ ಅವರು ತಯಾರಿರಲಿಲ್ಲ. ಒಗ್ಗರಣೆ ಹಾಕಿ, ಆದರೆ ಬೇರೆ ಸೌಟಿನಲ್ಲಿ ಸಿಡಿಸಿ, ಆರಿಸಿ, ಆಮೇಲೆ ಬೆರೆಸಿ ಎಂದೆ. ಚುಂಯ್ ಅನ್ನದ ಒಗ್ಗರಣೆ ಇದ್ದರೆಷ್ಟು ಬಿಟ್ಟರೆಷ್ಟು ಎಂದು ಎರಡು ದಿನ ಗೊಣಗಿದರು. ಮೂರನೆಯ ದಿನದಿಂದ ಜೀರಿಗೆ, ಶುಂಠಿ, ಕರಿಬೇವು ಎಲ್ಲ ಆರಿಸಿ, ಬೆರಳಿನಿಂದ ಮುಟ್ಟಿ ನೋಡಿ, ಮಗುವಿಗೆ ನೀರೆರೆಯುವಾಗಿನಷ್ಟು ಹುಷಾರಾಗಿ ಬೆರೆಸತೊಡಗಿದರು.

ಹನ್ನೊಂದನೆಯ ದಿನ ತಾತ ಬೆಳಿಗ್ಗೆ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದು ಸಲವೂ ಏಳದೆ ಓದಿ ಮುಗಿಸಿದರು. ಅಜ್ಜಿಯೂ ನಾನೂ ಬಾಗಿಲ ಮರೆಯಿಂದ ನೋಡುತ್ತ ನಿಂತಿದ್ದೆವು. ಮಾತ್ರೆಯ ಕಾಟ ತಾನಾಗಿ ಇಳಿಯಿತೋ, ಅತಿಥಿಗಳು ಊಟಮಾಡಿ ಸುಖವಾಗಿ ನೆಲೆಸಿದರೋ, ದೇವರಾಣೆ ನನಗೆ ಗೊತ್ತಿಲ್ಲ. ಹೊರಗೆ ಮಾತ್ರ ನನ್ನ ಬಟ್ಟಲಿನಿಂದಲೇ ಎಂದು ಎರಡು ಬೀದಿಗೆ ಕೇಳುವಂತೆ ಹೇಳಿದೆ. ಹದಿಮೂರನೆಯ ದಿನ ತಾತ ತಾವೇ ನಂಜುಂಡಪ್ಪನವರಿಗೆ ಫೋನ್ ಮಾಡಿ, ಊಟಕ್ಕೆ ಒಂದು ಎಲೆ ಜಾಸ್ತಿ ಹಾಕಿಸು ಎಂದರು.

ಹೊರಡುವ ದಿನ ತಾತ ನಾಲ್ಕು ಗಂಟೆಯ ಬಟ್ಟಲನ್ನು ಬೆಳಿಗ್ಗೆಯೇ ಖಾಲಿ ಮಾಡುತ್ತ, ನೀನು ಇದನ್ನು ಒಂದು ದಿನವಾದರೂ ತಿಂದಿದ್ದೀಯಾ ಎಂದು ಕೇಳಿದರು. ಉಪ್ಪು ನೋಡಿದ್ದು ಬಿಟ್ಟರೆ ತಿಂದಿರಲಿಲ್ಲ. ನನ್ನಂಥವಳಿಗೆ ಇಷ್ಟು ಸವಾಲು ಸಾಕಲ್ಲವೇ? ಎರಡು ಬಟ್ಟಲು ಮೊಳಕೆಕಾಳು, ಮೂರು ಆಲೂಗಡ್ಡೆ, ಎರಡು ದೋರಗಾಯಿ ಬಾಳೆ, ಎಲ್ಲಕ್ಕೂ ಸಾಕಾಗುವಷ್ಟು ಮೊಸರು, ನಿಂತಲ್ಲೇ ಮುಗಿಸಿದೆ. ಇಂಥ ಊಟವನ್ನು ಹೊಟ್ಟೆಗೆ ಸ್ವಲ್ಪಸ್ವಲ್ಪವಾಗಿ ರೂಢಿಮಾಡಿಸಬೇಕು, ಇಲ್ಲದಿದ್ದರೆ ಗಲಾಟೆಯಾಗುತ್ತದೆ ಎಂಬ ಸಾಲು ಮೊಬೈಲಿನಲ್ಲಿ ಇತ್ತು. ಅದನ್ನು ತಾತನ ವಿಷಯದಲ್ಲಿ ಪಾಲಿಸಿದ್ದೆ.

ಬಸ್ಸಿನಲ್ಲಿ ಅರ್ಧ ದಾರಿಯವರೆಗೆ ತಾತ ಗದ್ದೆ ನೋಡುತ್ತ ಹಾಯಾಗಿದ್ದರು. ನನ್ನೊಳಗೆ ಮಾತ್ರ ಕೋಟಿ ಅತಿಥಿಗಳು ಒಟ್ಟಿಗೆ ಓಲಗ ಊದಿಸತೊಡಗಿದರು. ಬೆವರು ಒರೆಸಿಕೊಂಡೆ, ಕಾಲು ಬದಲಿಸಿದೆ, ಕೆಮಿಸ್ಟ್ರಿಯ ಪೀರಿಯಾಡಿಕ್ ಟೇಬಲ್ಲನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಹತ್ತನೆಯ ಧಾತುವಿನ ಹೊತ್ತಿಗೆ ತಾತನ ಕೈ ಗಟ್ಟಿಯಾಗಿ ಹಿಡಿದು ಕಿವಿಯಲ್ಲಿ ವಿಷಯ ಹೇಳಿದೆ. ತಾತ ನಿಧಾನವಾಗಿ ಎದ್ದು ಕಂಡಕ್ಟರನ್ನು ಕರೆದರು.

"ಅರಕಲಗೂಡು ಇನ್ನು ಅರ್ಧ ಗಂಟೆ ಐತೆ ತಾತ. ತಡ್ಕಳಾಕಾಗಲ್ವಾ ನಿಮ್ಗೆ?" ಎಂದ ಕಂಡಕ್ಟರು.

"ನನಗಲ್ಲಪ್ಪ," ಎಂದರು ತಾತ, ಪಾಠ ಮಾಡುವ ದನಿಯಲ್ಲಿ. "ನನ್ನ ಡಾಕ್ಟ್ರಿಗೆ."

ಡ್ರೈವರು ತಿರುಗಿ ನೋಡಿ, "ಅಂಗಾರೆ ಪೆಟ್ರೋಲ್ ಬಂಕ್ ಅತ್ರ ನಿಲ್ಲುಸ್ತೀನಿ, ಬ್ಯಾಗ ಓಗ್ಬುಟ್ಟು ಬಾರವ್ವ," ಎಂದ. ಆ ಬಂಕಿನವರ ಮಕ್ಕಳು ಮರಿ ನೂರು ವರ್ಷ ಬಾಳಲಿ. ನಾನು ವಾಪಸ್ಸು ಬರುವಾಗ ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ತಾತ ಮಾತ್ರ, ಯಾರಿಗೂ ಏನೂ ಆಗಿಲ್ಲವೆಂಬಂತೆ ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

ಕೊಣನೂರಿನಲ್ಲಿ ನಂಜುಂಡಪ್ಪನವರು ಬಾಗಿಲಲ್ಲೇ ಕಾಯುತ್ತಿದ್ದರು. "ಬಂದ್ಬುಟ್ಯಲ್ಲೋ ಮೇಷ್ಟ್ರೇ," ಎಂದು ತಾತನ ಎರಡೂ ಕೈ ಹಿಡಿದುಕೊಂಡವರು ಬಹಳ ಹೊತ್ತು ಬಿಡಲಿಲ್ಲ. ತಾತ ಮೂರು ಒಬ್ಬಟ್ಟು ತಿಂದು ನಾಲ್ಕನೆಯದಕ್ಕೆ ಎಲೆ ಒಡ್ಡಿದರು. ನನ್ನ ಎಲೆಯ ಮೇಲೆ ಒಂದು ಹಿಡಿ ಅನ್ನ, ನೀರು ಮಜ್ಜಿಗೆ. ನಂಜುಂಡಪ್ಪನವರೂ ಹೊಟ್ಟೆಯ ತೊಂದರೆಯವರೇ. ಆ ಬಟ್ಟಲು ಮಾಡುವುದು ಹೇಗೆ ಎಂದು ನನ್ನನ್ನು ಕೇಳಿ, ಹೇಳಿದ್ದನ್ನೆಲ್ಲ ಬರೆದುಕೊಂಡರು. ಮೊದಲ ದಿನ ಎರಡೇ ಚಮಚ ಎಂದು ನಾನು ಮೂರು ಸಲ ಹೇಳಿದೆ. ಇಷ್ಟು ಖಡಾಖಂಡಿತವಾಗಿ ಹೇಗೆ ಹೇಳುತ್ತೀಯ ಎಂದರು. ಸ್ವಂತ ಸಂಶೋಧನೆ ಎಂದೆ. ಕಾಲೇಜಿನಲ್ಲಿ ಮಾತ್ರ, ಬಂಕಿನ ಹತ್ತಿರ ಬಸ್ಸು ನಿಂತದ್ದು ಪಂಕ್ಚರಾಗಿ ಎಂದು ಹೇಳಿದ್ದೇನೆ. ಯಾರಾದರೂ ವಿಚಾರಿಸಿದರೆ ನೀವೂ ಹಾಗೆಯೇ ಹೇಳಿ.