ಸೋಯಾಕ್ಕೆ ಕೊಟ್ಟ ಮದ್ದು

ಒಳ್ಳೆಯದು ಮಾಡಲು ಹೋದಾಗಲೆಲ್ಲ ನನಗೆ ಹೀಗೇ ಆಗುವುದು ಮಾರಾಯ್ರೆ. ಹಾಳು ಮಾಡಬೇಕು ಅಂತಲೇ ಹೊರಟಿದ್ದರೆ ಇಷ್ಟು ಚೆನ್ನಾಗಿ ಹಾಳಾಗುತ್ತಿರಲಿಲ್ಲ.

ಕುಕ್ಕುಂದೂರಿನಲ್ಲಿ ನಮ್ಮದೊಂದು ಸಣ್ಣ ಗದ್ದೆ ಉಂಟು. ಅದಕ್ಕೆ ಮಣ್ಣು ತುಂಬಿಸಿ ಬಾಡಿಗೆ ರೂಮು ಕಟ್ಟುವ ಅಂತ ಹೆಂಡತಿ. ಗದ್ದೆ ಗದ್ದೆಯಾಗಿಯೇ ಇರಲಿ ಅಂತ ನಾನು. ಭತ್ತ ಕೊಯ್ದ ಮೇಲೆ ಊರವರೆಲ್ಲ ಉದ್ದು ಹಾಕಿದರೆ ನಾನು ಸೋಯಾ ಬಿತ್ತಿದೆ.

"ಇದೊಂದು ಬೆಳೆ ಬಂದರೆ ರೂಮಿನ ಮಾತೆತ್ತುವುದಿಲ್ಲ" ಅಂದಳು.

"ಬಾರದಿದ್ದರೆ?"

"ಮಣ್ಣಿನ ಲಾರಿ."

ಇನ್ನೊಂದು ಸ್ವಲ್ಪ

ಸೋಯಾದ ಜೊತೆಗೆ ಹುಲ್ಲೂ ಎದ್ದಿತು. ಕಾರ್ಕಳ ಪೇಟೆಯ ಮದ್ದಿನಂಗಡಿಯವರು ಕಳೆನಾಶಕ ಕೊಟ್ಟು, "ಒಂದು ಪಂಪು ನೀರಿಗೆ ಒಂದೇ ಮುಚ್ಚಳ ಮದ್ದು" ಅಂದರು. ನಮ್ಮಲ್ಲಿ ಎಲೆಗೆ ಒಂದೇ ಸೌಟು ಬಡಿಸಿ ಮುಂದೆ ಹೋದರೆ ಮರ್ಯಾದೆಯಾ? ಇನ್ನೊಂದು ಮುಚ್ಚಳ ಹಾಕಿದೆ. ಹುಲ್ಲು ಸತ್ತಿತು. ಸೋಯಾದ ಎಲೆಯೂ ಹಳದಿಯಾಗಿ ಮುದುಡಿತು.

ಒಂದು ಗಿಡ ಕಿತ್ತುಕೊಂಡು ಅಂಗಡಿಗೆ ಓಡಿದೆ. "ಇದೆಂತ ರೋಗ?"

ತಿರುಗಿಸಿ ನೋಡಿದರು. "ರೋಗ ಅಲ್ಲ. ಉಪಚಾರ ಜಾಸ್ತಿಯಾದದ್ದು."

ಕಡಲಿನ ಟಾನಿಕ್ಕು

ಅವರೇ ಒಂದು ಬಾಟ್ಲಿ ಕೊಟ್ಟರು, ಕಡಲಪಾಚಿಯ ಸಾರದ್ದು. "ಕಳೆನಾಶಕದ ಪೆಟ್ಟು ತಿಂದ ಗಿಡ ಸುಧಾರಿಸಲಿಕ್ಕೆ ಸಹಾಯ ಆಗ್ತದೆ. ಎರಡು ಸಲ ಹೊಡೆಯಿರಿ. ಸತ್ತದ್ದು ಏಳುವುದಿಲ್ಲ ಮತ್ತೆ."

ನನ್ನ ಹೆಂಡತಿಯ ತವರು ಕಡಲ ಬದಿಯ ಕಾಪು. ಬಾಟ್ಲಿ ಮೂಸಿ, "ಪಾಚಿಯಾ? ನಮ್ಮಲ್ಲಿ ಇದನ್ನು ಕಾಲಿನಲ್ಲಿ ಆಚೆ ದೂಡುತ್ತಾರೆ. ನೀವು ಬಾಟ್ಲಿಯಲ್ಲಿ ತಂದದ್ದಾ!" ಅಂತ ನಕ್ಕಳು.

ಹೊಡೆದೆ. ಕೆಲವು ದಿನ ಕಳೆದು ನೋಡಿದರೆ ತುದಿಯಲ್ಲಿ ಹೊಸ ಚಿಗುರು! ನನಗೆ ಅಳುವೇ ಬಂತು. ಹೆಂಡತಿಯೂ ಬಗ್ಗಿ ನೋಡಿದಳು.

"ಕಡೆಗೆ ನನ್ನ ತವರಿನವರೇ ಬರಬೇಕಾಯಿತು, ಅಲ್ವಾ?"

ಖಾಲಿ ಕೊಡಬಾರದು

ಪಕ್ಕದ ಮನೆಯವರು ಬಹಳ ಮರ್ಯಾದಸ್ಥರು. ಎರವಲು ಒಯ್ದ ಪಾತ್ರೆಯನ್ನು ಎಂದೂ ಖಾಲಿ ಹಿಂದೆ ಕೊಡುವವರಲ್ಲ, ಒಂದು ತುಂಡು ಬೆಲ್ಲವಾದರೂ ಹಾಕಿಯೇ ಕೊಡುವುದು. ಅವರು ಅಂಗಳದ ಹುಲ್ಲಿಗೆ ಮದ್ದು ಹೊಡೆಯಲು ನನ್ನ ಪಂಪು ಒಯ್ದರು.

ನಾನು ಉಡುಪಿಗೆ ಹೋಗಿ ಬರುವಾಗ ಪಂಪು ಜಗಲಿಯಲ್ಲಿತ್ತು. ಎತ್ತಿದರೆ ಅರ್ಧ ತುಂಬಿದೆ. ಓಹೋ, ಹೆಂಡತಿ ನನಗಾಗಿ ನೀರು ತುಂಬಿಸಿಟ್ಟಿದ್ದಾಳೆ, ಅವಳ ಮನಸ್ಸೂ ಗದ್ದೆಯ ಕಡೆ ತಿರುಗಿತು ಅಂದುಕೊಂಡೆ. ಉಳಿದ ಟಾನಿಕ್ಕು ಹೊಯ್ದು, ಮತ್ತಷ್ಟು ನೀರು ಸೇರಿಸಿ, ಒಂದು ಗಿಡವನ್ನೂ ಬಿಡದೆ ಹೊಡೆದೆ.

ಸಂಜೆ ಅವರು ಗೇಟಿನಲ್ಲಿ ನಿಂತು ಕೇಳಿದರು, "ಪಂಪು ಸಿಕ್ಕಿತಲ್ವಾ? ಖಾಲಿ ಕೊಡುವುದು ಹೇಗೆ ಅಂತ ಅರ್ಧ ಮದ್ದು ಹಾಗೆಯೇ ಬಿಟ್ಟಿದ್ದೇನೆ. ಭಾರೀ ಪವರ್ ಉಂಟು, ಹಸಿರು ಅಂತ ಒಂದು ಉಳಿಯುವುದಿಲ್ಲ."

ಬೈಯಲು ಬಾಯಿ ತೆರೆದೆ. ಎಂತ ಅಂತ ಬೈಯುವುದು, ಮರ್ಯಾದೆ ಮಾಡಿದ್ದಕ್ಕೆ?

ಸೋಯಾ ಪೂರಾ ಹೋಯಿತು. ಹೆಂಡತಿ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಫೋನ್ ಮಾಡಲಾ?" ಅಂತ ಮೆಲ್ಲನೆ ಕೇಳಿದಳು. ಮಾಡು ಅಂದೆ.

ಲಾರಿಯವರು ಬಂದು ಗದ್ದೆಗೆ ಒಂದು ಸುತ್ತು ಹಾಕಿದರು. ಮತ್ತೆ ನನ್ನ ಬೆನ್ನು ತಟ್ಟಿದರು.

"ಭಾರೀ ಒಳ್ಳೆಯದು ಮಾಡಿದ್ದೀರಿ ಮಾರಾಯ್ರೆ! ಮಣ್ಣು ಹಾಕುವ ಮೊದಲು ಇಷ್ಟು ಚೆಂದ ಕ್ಲೀನ್ ಮಾಡಿಕೊಡುವವರು ಯಾರೂ ಇಲ್ಲ. ಯಾವ ಮದ್ದು ಹೊಡೆದದ್ದು?"